ಪಾಲಕರ ಇಚ್ಛೆಯ ಮೇರೆಗೆ

"ಏ ಅಧ್ಯಕ್ಷಾ! ಚೀಲ ಒಗದು ಬಾರಲೇ ಇಲ್ಲಿ. ಸಾಲ್ಯಾಗ ನಿನ್ನ ಸಹಿ ಬೇಕಾಗೈತಂತ."

ಬಸಲಿಂಗಪ್ಪ ಸಾವಕಾರರು ದಲಾಲಿ ಅಂಗಡಿಯ ಗಾದಿಯ ಮೇಲೆ ಕುಳಿತೇ ಕೂಗಿದರು. ನನ್ನ ಬೆನ್ನ ಮೇಲೆ ಕಡಲೆಯ ಚೀಲವಿತ್ತು. ಮಾಲು ತಂದು ಹರಾಜಿನ ಸವಾಲಿಗೆ ಕಾಯುತ್ತಿದ್ದ ನಾಲ್ಕೈದು ರೈತರು ತಿರುಗಿ ನನ್ನನ್ನು ನೋಡಿದರು.

"ಇಂವಾ ಎದರ ಅಧ್ಯಕ್ಷರಿ?" ಸಂಗೊಳ್ಳಿ ಕಡೆಯ ಒಬ್ಬ ಕೇಳಿದ.

"ಅಗಸಿ ಸಾಲಿ ಕಮಿಟಿ ಅಧ್ಯಕ್ಷ. ಸಾಲ್ಯಾಗ ಮಕ್ಕಳ ಇದ್ದಾವ್ರ ಅಧ್ಯಕ್ಷ ಆಗಬೇಕಂತ ಸರಕಾರದ ಕಾಯದೆ. ನಮ್ಮ ಮಕ್ಕಳು ಅಲ್ಲೆಲ್ಲಿ ಅದಾವು? ಹಿಂಗಾಗಿ ನಮ್ಮ ಹಮಾಲ ಅಧ್ಯಕ್ಷ, ನಾ ಬರೇ ಹಳೇ ವಿದ್ಯಾರ್ಥಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಬೆನ್ನ ಮೇಲೆ ಅರ್ಧ ಕ್ವಿಂಟಲ್ ಇದ್ದಾಗ ನಗುವುದಕ್ಕೆ ಉಸಿರು ಸಾಲುವುದಿಲ್ಲ. ಆದರೂ ನಕ್ಕೆ. ಚೀಲವನ್ನು ಉಳಿದ ಚೀಲಗಳ ಥಪ್ಪಿಯ ಮೇಲೆ ಹಾಕಿ, ತಲೆಗೆ ಕಟ್ಟಿದ್ದ ವಸ್ತ್ರದಿಂದ ಮುಖ ಒರೆಸಿಕೊಂಡು, ಅವರ ಮೋಟಾರ್ ಸೈಕಲ್ಲಿನ ಹಿಂದೆ ನಡೆದುಕೊಂಡೇ ಶಾಲೆಗೆ ಹೋದೆ.

ಬೈಲಹೊಂಗಲದಲ್ಲಿ ನಮ್ಮ ಕಡೆಯವರು ಅಗಸಿ ಶಾಲೆ ಎನ್ನುವುದು ಹಳೆಯ ಊರಬಾಗಿಲ ಪಕ್ಕದ ಕಲ್ಲು ಕಟ್ಟಡಕ್ಕೆ. ಮುಂಬೈ ಸರಕಾರದ ಕಾಲದ್ದು. ಮೊದಲು ಗಂಡುಮಕ್ಕಳಿಗೆ ನಾಲ್ಕನೇ ಇಯತ್ತೆಯವರೆಗೆ ಇತ್ತು. ಆಮೇಲೆ ಏಳರವರೆಗೆ ಆಯಿತು, ಹೆಣ್ಣುಮಕ್ಕಳೂ ಬಂದರು, ಕೊನೆಗೆ ಎಂಟನೆಯದೂ ಸೇರಿತು. ಊರಿನ ಸಾವಕಾರರು, ವಕೀಲರು, ಮಾಸ್ತರರು ಎಲ್ಲರೂ ಅಲ್ಲಿಯೇ ಅಕ್ಷರ ತಿದ್ದಿದವರು. ಕಾನ್ವೆಂಟಿನ ಹಳದಿ ಗಾಡಿಗಳು ಓಣಿಗೆ ಬರತೊಡಗಿದ ಮೇಲೆ ಅವರ ಮಕ್ಕಳು ಅತ್ತ ಹೋದರು. ನಮ್ಮ ಮಾದರ ಕೇರಿಯ ಮಕ್ಕಳು, ಪಕ್ಕದ ಮುಸಲ್ಮಾನರ ಓಣಿಯ ಮಕ್ಕಳು ಉಳಿದರು. ಇಪ್ಪತ್ತು ವರ್ಷ ಆ ಕಟ್ಟಡ ಸೋರಿತು. ಯಾವ ಹಳೆಯ ವಿದ್ಯಾರ್ಥಿಯೂ ಹೆಂಚು ಕೊಡಲಿಲ್ಲ. ಹೋದ ವರ್ಷ ಅಲ್ಲಿ ಇಂಗ್ಲಿಷ್ ಮಾಧ್ಯಮ ಬರುತ್ತದೆಂದು ಗೊತ್ತಾದ ಕೂಡಲೆ ಹಳೆಯ ವಿದ್ಯಾರ್ಥಿಗಳ ಸಂಘ ಹುಟ್ಟಿತು. ಬಣ್ಣ ಬಂತು, ಬೆಂಚು ಬಂತು, ಶುದ್ಧ ನೀರಿನ ಯಂತ್ರ ಬಂತು.

ಹೆಡ್ಮಾಸ್ತರರ ಖೋಲಿಯಲ್ಲಿ ಅನ್ನಪೂರ್ಣಾ ಅಕ್ಕಾರು ಕುಳಿತಿದ್ದರು. ಅವರೇ ಶಾಲೆಯ ಮುಖ್ಯಸ್ಥೆ. ಸಾವಕಾರರು ಎದುರಿನ ಕುರ್ಚಿ ಎಳೆದುಕೊಂಡರು. ಇನ್ನೊಂದು ಕುರ್ಚಿಯ ಮೇಲೆ ಅವರ ಹೆಲ್ಮೆಟ್ಟು ಕುಳಿತಿತು. ನಾನು ನಿಂತೆ. ಗೋಡೆಯ ಫಲಕದಲ್ಲಿ ನನ್ನ ಹೆಸರು ಎಲ್ಲಕ್ಕಿಂತ ಮೇಲಿತ್ತು.

"ಇಲ್ಲೆ ಒಂದ ಸಹಿ ಹಾಕ್ರಿ ನೀಲಪ್ಪಾ," ಅಕ್ಕಾರು ಠರಾವಿನ ಪುಸ್ತಕ ತಿರುಗಿಸಿ ಇಟ್ಟರು. ಅವರ ಮಾತು ಯಾವಾಗಲೂ ಮೆತ್ತಗೆ.

ಏಳನೆಯ ಇಯತ್ತೆ ಅದೇ ಶಾಲೆಯಲ್ಲಿ ಪಾಸಾದವನು ನಾನು. ಓದಲು ಬರುತ್ತದೆ. 'ಶಾಲೆಯ ಪುನಾರಚನೆಯ ಸಲುವಾಗಿ ಆರರಿಂದ ಎಂಟನೇ ತರಗತಿಯವರೆಗಿನ ಕನ್ನಡ ಮಾಧ್ಯಮದ ಅರವತ್ತಮೂರು ವಿದ್ಯಾರ್ಥಿಗಳನ್ನು, ಪಾಲಕರ ಇಚ್ಛೆಯ ಮೇರೆಗೆ, ಹಳ್ಳದಾಚೆಯ ಶಾಲೆಗೆ ವರ್ಗಾಯಿಸಲು ಸಭೆ ಸರ್ವಾನುಮತದಿಂದ ಒಪ್ಪಿದೆ' ಎಂದು ಬರೆದಿತ್ತು. ಸಭೆ ಯಾವಾಗ ಆಯಿತೋ ನನಗೆ ಗೊತ್ತಿರಲಿಲ್ಲ. ಹಳ್ಳದಾಚೆಯ ಶಾಲೆ ಎಂದರೆ ಬೈಪಾಸಿನ ಆಚೆ, ಕೇರಿಯಿಂದ ಎರಡೂವರೆ ಕಿಲೋಮೀಟರ್, ಎರಡೇ ಖೋಲಿ. ಇಲ್ಲಿಯ ಖೋಲಿಗಳು ಇಂಗ್ಲಿಷ್ ವರ್ಗಗಳಿಗೆ ಬೇಕಾಗಿದ್ದವು.

"ಅಕ್ಕಾರ, ಇಲ್ಲೆ ಪಾಲಕರ ಇಚ್ಛಾ ಅಂತ ಐತಲ್ರಿ. ಪಾಲಕರ್ನ ಯಾರ ಕೇಳ್ಯಾರ್ರಿ?"

"ನೀವು ಪಾಲಕರಲ್ಲೇನ್ರಿ? ನಿಮ್ಮನ್ನ ಕೇಳಾಕತ್ತೇವಲ್ಲ."

"ನನ್ನೊಬ್ಬನ್ನ ಕೇಳಿದ್ರ..."

"ಏ, ಬಾಳ ಕಾಯದೆ ಮಾತಾಡಬ್ಯಾಡ," ಎಂದರು ಸಾವಕಾರರು. ಸಿಟ್ಟಿನಿಂದಲ್ಲ, ಎತ್ತಿನ ಮೈ ಸವರುವ ಹಾಗೆ. "ನಿನ್ನ ಮಗಳ ಹೆಸರೇನಂದಿ?"

"ಶೀತಲ್ರಿ."

"ಹುಷಾರ ಅದಾಳ ಏನ?"

"ಅದಾಳ್ರಿ. ಐದನೇತ್ತದಾಗ ಮೊದಲನೇ ನಂಬರ್ರಿ."

"ಅಕ್ಕಾರ, ಇಂಗ್ಲಿಷ್ ಆರನೇತ್ತದ ಪಟ್ಟಿಯಾಗ ಈಕಿ ಹೆಸರು ಬರೀರಿ. ಮೊದಲನೇ ಹೆಸರ ಬರೀರಿ. ನಮ್ಮ ಹಮಾಲನ ಮಗಳು ಇಂಗ್ಲಿಷ್ ಕಲೀಲಿ."

ಅಕ್ಕಾರು ಬರೆದರು. ನಾನು ನೋಡುತ್ತ ನಿಂತೆ. ಒಂದೊಂದೇ ಅಕ್ಷರ ಮೂಡಿತು. ಆಮೇಲೆ ಅವರು ಅದೇ ಪೆನ್ನನ್ನು ನನ್ನ ಕಡೆ ಚಾಚಿದರು. ಅದನ್ನು ತೆಗೆದುಕೊಂಡು ಸಹಿ ಹಾಕಿದೆ. ಕೈ ನಡುಗಿತು, ಕಣ್ಣೀರು ಬಂತು ಎಂದೆಲ್ಲ ಹೇಳಿದರೆ ಸುಳ್ಳಾಗುತ್ತದೆ. ಚೆಂದಾಗಿಯೇ ಹಾಕಿದೆ. ಕೆಳಗೊಂದು ಗೆರೆಯನ್ನೂ ಎಳೆದೆ.

ಮನೆಗೆ ಹೋಗಿ ಹೇಳಿದಾಗ ನನ್ನ ಹೆಂಡತಿ ಯಶೋಧಾ ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದವಳು ಹಾಗೆಯೇ ನಿಂತುಬಿಟ್ಟಳು. "ಖರೇನ? ಟೈ ಹಾಕ್ತಾರಲ್ಲ, ಆ ಸಾಲಿ?" ಎಂದಳು. ಶೀತಲ ಹೊರಗೆ ಓಡಿದಳು, ತನ್ನ ಗೆಳತಿ ಫರೀನಳಿಗೆ ಹೇಳಲು. ಅವಳನ್ನು ತಡೆಯಬೇಕೆಂದು ಬಾಗಿಲಿಗೆ ಹೋದೆ, ಅಷ್ಟರಲ್ಲಿ ಅವಳು ಓಣಿ ದಾಟಿದ್ದಳು. ಮೂಲೆಯಲ್ಲಿ ಕುಳಿತಿದ್ದ ಅವ್ವ ಒಂದೇ ಕೇಳಿದಳು: "ಕೇರಿ ಹುಡುಗೂರೆಲ್ಲ ಅಲ್ಲೇ ಕಲೀತಾರ ಇಲ್ಲಪಾ?"

"ನೋಡೂಣು ಬೇ," ಎಂದೆ.

*

ಮೇ ತಿಂಗಳಲ್ಲಿ ನಿಜಗುಣಪ್ಪ ಮಾಸ್ತರರು ನಮ್ಮ ಮನೆಗೆ ಬಂದರು. ನಿವೃತ್ತರು. ಶಾಲೆಯ ಚರಿತ್ರೆ ಬರೆಯುವ ಕೆಲಸವನ್ನು ಸಂಘದವರು ಅವರಿಗೆ ಒಪ್ಪಿಸಿದ್ದರು. ಕಂಕುಳಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ಹಳೆಯ ದಾಖಲಾತಿ ಪುಸ್ತಕ. ಒಳಗೆ ಬನ್ನಿ ಎಂದರೆ ಬರಲಿಲ್ಲ, ಬಾಗಿಲ ಕಟ್ಟೆಯ ಮೇಲೆ ವಸ್ತ್ರ ಹಾಸಿಕೊಂಡು ಕುಳಿತರು.

"ಚನ್ನವ್ವಾ, ಈ ಸಾಲಿಗೆ ಬಂದ ಕೇರಿಯ ಮೊದಲನೇ ಹೆಣ್ಣ ಮಗಳು ನೀವ. ಪುಸ್ತಕದಾಗ ಹೆಸರ ಐತಿ. ಏನಾರ ನೆನಪಿದ್ರ ಹೇಳ್ರಿ."

ಅವ್ವನಿಗೆ ಎಪ್ಪತ್ತರ ಹತ್ತಿರ. ಆ ಹೊತ್ತು ಅವಳ ಮುಖದಲ್ಲಿ ನಾನೆಂದೂ ಕಾಣದ ಒಂದು ಗೆಲುವು ಕಂಡೆ. ಸೆರಗು ಸರಿಮಾಡಿಕೊಂಡಳು.

"ನೆನಪ ಇಲ್ದ ಏನ್ರಿ? ಮೂರನೇತ್ತದಾಗಿದ್ನಿ. ಬ್ಯಾಸಗಿ. ನೀರಡಿಕಿ ಆಗಿತ್ತು. ಗಡಗಿ ಹತ್ರ ಯಾರೂ ಇರಲಿಲ್ಲ, ತಂಬಗಿ ಅದ್ದಿ ಕುಡದ್ನಿ. ಅಷ್ಟ. ದೊಡ್ಡ ಮಾಸ್ತರ ಗಡಗಿ ಎತ್ತಿ ಅಂಗಳದಾಗ ಒಗದಾ. ಒಡದ ಬೋಕಿ ಎಲ್ಲಾ ನಾ ಉಟ್ಟ ಪರಕಾರದ ಉಡ್ಯಾಗ ತುಂಬಿ ಗಟಾರಕ್ಕ ಚೆಲ್ಲಿ ಬಾ ಅಂದಾ. ಎಲ್ಲಾರೂ ನೋಡಾಕತ್ತಿದ್ರು. ಚೆಲ್ಲಿ ಬರೂದ್ರಾಗ ನನ್ನ ಹೆಸರ ಹೊಡದಿದ್ರು."

ಮಾಸ್ತರರು ಪುಸ್ತಕ ಬಿಚ್ಚಿದರು. ನಾನು ಬಗ್ಗಿ ನೋಡಿದೆ. ಅವ್ವನ ಹೆಸರಿನ ಮೇಲೆ ಕೆಂಪು ಗೆರೆ. ಮುಂದೆ 'ದುರ್ವರ್ತನೆ' ಎಂದಿತ್ತು. ಎರಡು ಪುಟದ ಆಚೆ ಅದೇ ಹೆಸರು ಮತ್ತೆ, ಮುಂದೆ 'ಮೇಲಿನವರ ಆದೇಶದಂತೆ ಪುನಃ ದಾಖಲು'.

"ನಮ್ಮಪ್ಪ ಎಂಟ ದಿನ ಬೆಳಗಾವಿಗೆ ತಿರಗ್ಯಾಡಿದಾ," ಅವ್ವ ಹೇಳಿದಳು. "ಹೊಲದ ಗೌಡ ಬಾರಕೋಲಲೆ ಹೊಡದಾ, ಕೂಲಿ ಬಿಟ್ಟ ಎಲ್ಲಿ ಹೊಕ್ಕಿ ಅಂತ. ಬೆನ್ನ ಮ್ಯಾಲೆ ಬಾಸಳ ಎದ್ದಿದ್ವು. ಆದ್ರೂ ಹ್ವಾದಾ. ಕಡೀಕೆ ಒಬ್ಬ ಸಾಹೇಬನ್ನ ಕರಕೊಂಡ ಬಂದ ಬರಸಿದಾ. ಬರಕೋರಿ ಮಾಸ್ತರ, ಯಲ್ಲಪ್ಪ ಅಂತ ಬರಕೋರಿ."

ಮಾಸ್ತರರು ಬರೆದುಕೊಳ್ಳಲಿಲ್ಲ. ಪುಸ್ತಕವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು. "ಇದೆಲ್ಲಾ ಬರ್ಯಾಕ ಬರಂಗಿಲ್ಲವ್ವಾ. ನೆನಪಿನ ಸಂಚಿಕಿ ಅಂದಮ್ಯಾಲೆ ಮಂಗಳ ಇರಬೇಕು. ದೊಡ್ಡ ದೊಡ್ಡ ಮನಿತನದ್ದ ಹೆಸರ ಬರ್ತಾವು."

"ಮತ್ತ ಯಾಕ ಕೇಳಿದ್ರಿ?" ಎಂದಳು ಅವ್ವ.

ಅವರು ಎದ್ದು ವಸ್ತ್ರ ಜಾಡಿಸಿಕೊಂಡರು. ಏನಾದರೂ ಒಳ್ಳೆಯ ಮಾತು ಹೇಳಿ ಹೋಗಬೇಕೆಂದು ಅನಿಸಿರಬೇಕು. "ಏನ ಅನ್ರಿ, ನಿಮ್ಮ ನೀಲಪ್ಪ ಶ್ಯಾಣ್ಯಾ. ಹುಡುಗೂರ್ನ ಹಳ್ಳದಾಚಿ ಸಾಲಿಗೆ ಕಳಸೂ ಠರಾವಿಗೆ ಏನೂ ತಕರಾರ ಮಾಡಲಾರದ ಸಹಿ ಹಾಕಿದಾ," ಎಂದು ನನ್ನ ಕಡೆ ತಲೆ ಆಡಿಸಿ ಹೋದರು.

ಅವ್ವ ಬಹಳ ಹೊತ್ತು ನನ್ನನ್ನು ನೋಡಲಿಲ್ಲ. ನೋಡಿದ್ದರೆ ಏನಾದರೂ ಹೇಳುತ್ತಿದ್ದೆ.

"ಶೀತಲನ ಸಲುವಾಗಿ ಬೇ," ಎಂದೆ ಕೊನೆಗೆ.

"ನಮ್ಮಪ್ಪ ನನ್ನ ಹೆಸರ ಅಷ್ಟ ಬರಸಲಿಲ್ಲೋ," ಎಂದಳು. "ದುರಗವ್ವ, ಸಾವಂತ್ರಿ, ಗಂಗಿ, ಆ ಕಡೀ ಮನಿ ಸುಂದರವ್ವ. ನನ್ನ ಹಿಡದ ಐದ ಮಂದಿ ಹುಡುಗ್ಯಾರ ಹೆಸರ ಬರಸಿ ಮನೀಗೆ ಬಂದಾ."

ಅಂದಿನಿಂದ ನಾನು ಕೈಗೆ ಕೊಟ್ಟ ಚಹಾ ಅವ್ವ ಕುಡಿಯಲಿಲ್ಲ. ಯಶೋಧಾ ಕೊಟ್ಟರೆ ಕುಡಿದಳು.

*

ಅನ್ವರಬಿ ನಮ್ಮ ಕೇರಿಗೆ ಅಂಟಿಕೊಂಡ ಓಣಿಯವಳು. ಹಳೆಯ ಸೀರೆಗಳ ಕೌದಿ ಹೊಲಿದು ಜೀವನ ಮಾಡುವವಳು. ಮಗ ಲಾರಿಯ ಮೇಲೆ ಹೋದವನು ತಿಂಗಳಿಗೊಮ್ಮೆ ಬರುತ್ತಾನೆ. ಮೊಮ್ಮಗಳು ಫರೀನ್ ಒಂದನೆಯ ಇಯತ್ತೆಯಿಂದಲೂ ಶೀತಲಳ ಬಾಜೂಕೇ ಕುಳಿತವಳು. ಶಾಲೆ ಸುರುವಾಗಲು ಎರಡು ದಿನ ಇದ್ದಾಗ ಅನ್ವರಬಿ ಮೊಮ್ಮಗಳ ಕೈ ಹಿಡಿದುಕೊಂಡು ಬಂದಳು. ಇನ್ನೊಂದು ಕೈಯಲ್ಲಿ ದಾಖಲೆಯ ಕಾಗದ.

"ನೀಲಪ್ಪಾ, ಬೇಟಾ, ಇದನ್ನೊಂಚೂರ ಓದಪಾ. ಈ ಹುಡುಗಿ ಏನೇನೋ ಓದತೈತಿ. ಪಾಲಕರ ಇಚ್ಛಾ ಅಂತ ಬರದಾರಂತ. ನಾ ಯಾವಾಗ ಕೇಳಿದ್ನಿ ನನ್ನ ಮೊಮ್ಮಗಳ್ನ ಹಳ್ಳದಾಚಿ ಕಳಸ್ರಿ ಅಂತ? ಬೈಪಾಸ್ ದಾಟಬೇಕು. ಲಾರಿ ಹೆಂಗ ಹೋಗ್ತಾವ ನನ್ನ ಮಗನಾ ಹೇಳ್ತಾನ. ನೀ ಕಮಿಟ್ಯಾಂವ, ನೀ ಖರೇ ಓದ."

ಕಾಗದ ತೆಗೆದುಕೊಂಡೆ. ಮೇಲೆ ವರ್ಗಾವಣೆಯ ಪತ್ರ, ಕೆಳಗೆ ಠರಾವಿನ ಝೆರಾಕ್ಸ್ ಟಾಚಣಿಯಿಂದ ಚುಚ್ಚಿದ್ದು. ಝೆರಾಕ್ಸಿನಲ್ಲಿ ನನ್ನ ಸಹಿ ಅಸಲಿಗಿಂತ ಕಪ್ಪಾಗಿ ಮೂಡಿತ್ತು. ಕೆಳಗಿನ ಗೆರೆಯ ಸಮೇತ. ಅದರ ಮೇಲೆ ಹೆಬ್ಬೆರಳು ಇಟ್ಟೆ.

"ಸರಕಾರದ ಹುಕುಂ ಅಂತ ಬರದಾರ ಚಾಚಿ. ಮ್ಯಾಲಿಂದ ಬಂದದ್ದ. ನಮ್ಮ ಕೈಯಾಗ ಏನೂ ಇಲ್ಲ."

"ಹಂಗ ಬರದಿಲ್ರಿ ಕಾಕಾ," ಎಂದಳು ಫರೀನ್.

"ಸುಮ್ಮನಿರು ನೀ," ಅನ್ವರಬಿ ಗದರಿದಳು. "ದೊಡ್ಡಾವ್ರು ಓದಾಕತ್ತಾರ."

"ಹಂಗ ಬರದಿಲ್ಲ ದಾದಿ. ಕಾಕಾ, ಆ ಹೆಬ್ಬಟ್ಟ ತೆಗೀರಿ."

ಹನ್ನೆರಡು ವರ್ಷದ ಹುಡುಗಿ. ದನಿಯಲ್ಲಿ ಸಿಟ್ಟಿರಲಿಲ್ಲ. ಶಾಲೆಯಲ್ಲಿ ಪಾಠ ಓದುವಾಗ ಬಿಟ್ಟುಹೋದ ಸಾಲನ್ನು ತೋರಿಸುವ ಹಾಗೆ ಬೆರಳು ಮಾಡಿದ್ದಳು. ನಾನು ಬೆರಳು ತೆಗೆಯಲಿಲ್ಲ. ಅವಳೇ ಕಾಗದದ ಅಂಚು ಹಿಡಿದು ಮೆಲ್ಲಗೆ ಎಳೆದಳು. ಕಾಗದ ನನ್ನ ಬೆರಳಿನ ಕೆಳಗಿನಿಂದ ಜಾರಿತು.

"ನೀಲಪ್ಪ ಮಾದರ, ಅಧ್ಯಕ್ಷರು," ಫರೀನ್ ಓದಿದಳು.

ಅನ್ವರಬಿ ಬೈಯುತ್ತಾಳೆಂದು ಕಾದೆ. ಬೈದಿದ್ದರೆ ನಾನೂ ಏನಾದರೂ ಅಂದು ಮುಗಿಸುತ್ತಿದ್ದೆ. ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದಲ್ಲಿ ಇಟ್ಟುಕೊಂಡಳು.

"ನಮಗ ಓದಾಕ ಬರಂಗಿಲ್ಲಂತ ನಿನ್ನ ಹಂತೇಕ ಬಂದ್ನೆಪಾ," ಎಂದಳು. ಅಷ್ಟೇ. ಹೋದಳು. ಒಳಗೆ ಕನ್ನಡಿಯ ಮುಂದೆ ಶೀತಲ ಹೊಸ ಟೈ ಕಟ್ಟಿಕೊಳ್ಳುತ್ತಿದ್ದಳು. ಗೆಳತಿಯ ದನಿ ಕೇಳಿಯೂ ಹೊರಗೆ ಬರಲಿಲ್ಲ.

ಶಾಲೆ ಸುರುವಾಯಿತು. ಕೇರಿಯ ಮಕ್ಕಳು ಬೆಳಿಗ್ಗೆ ಏಳೂವರೆಗೇ ಗುಂಪಾಗಿ ಬೈಪಾಸಿನ ಕಡೆ ನಡೆಯುತ್ತಿದ್ದರು. ನನ್ನ ಮಗಳು ಒಂಬತ್ತಕ್ಕೆ ಒಬ್ಬಳೇ ಇತ್ತ ನಡೆಯುತ್ತಿದ್ದಳು. ವಾರದ ಕೊನೆಗೆ ಒಂದು ಸಂಜೆ ಊಟದ ಡಬ್ಬಿ ಹಾಗೆಯೇ ತಂದಳು. "ನನ್ನ ಬಾಜೂಕ ಯಾರೂ ಕುಂಡ್ರವಲ್ರಪ್ಪಾ," ಎಂದಳು. ಮಾರ್ಕೆಟ್ಟಿನಲ್ಲಿ ಜೊತೆಯ ಹಮಾಲರು ನಾನು ಬಂದರೆ ಬೀಡಿ ಆರಿಸಿ ಏಳತೊಡಗಿದರು. ಅವರಲ್ಲಿ ಆರು ಜನರ ಮಕ್ಕಳು ಆ ಅರವತ್ತಮೂರರಲ್ಲಿದ್ದರು. ಚೀಲ ಹೊರಿಸಲು ಕೈ ಕೊಡುತ್ತಿದ್ದರು, ಮಾತು ಕೊಡುತ್ತಿರಲಿಲ್ಲ.

*

ಉದ್ಘಾಟನೆ ಜೂನಿನ ಕೊನೆಯ ವಾರ. ಶಾಲೆಯ ಅಂಗಳದಲ್ಲಿ ಪೆಂಡಾಲು ಹಾಕಿದ್ದರು. ಆಮಂತ್ರಣ ಪತ್ರಿಕೆಯ ಕಟ್ಟಕಡೆಯ ಸಾಲಿನಲ್ಲಿ ನನ್ನ ಹೆಸರಿತ್ತು, ವಂದನಾರ್ಪಣೆ. ವೇದಿಕೆಯ ಮೇಲೆ ಹನ್ನೊಂದು ಕುರ್ಚಿ. ಹತ್ತಲು ಹೋದರೆ ಸಾವಕಾರರು ತಡೆದರು.

"ನೀ ಎಲ್ಲಿಗಲೇ? ಬೆಳಗಾವಿ ಸಾಹೇಬ್ರು ಬಂದಾರ. ಕೆಳಗ ನಿಂದ್ರು, ಕರದಾಗ ಬಾ."

ಕಂಬದ ಹತ್ತಿರ ನಿಂತೆ. ಅತಿಥಿಗಳನ್ನು ಬರಮಾಡಿಕೊಳ್ಳಲು ಲೇಜಿಮ್ ಕುಣಿತ ಬೇಕೆಂದು ಹಳ್ಳದಾಚೆಯ ಶಾಲೆಯ ಮಕ್ಕಳನ್ನೇ ಕರೆಸಿದ್ದರು. ಇಂಗ್ಲಿಷ್ ಮಕ್ಕಳಿಗೆ ಇನ್ನೂ ಬರುತ್ತಿರಲಿಲ್ಲ, ಬಿಸಿಲೂ ಇತ್ತು. ಯಾವ ಗೇಟಿನಿಂದ ಹೊರಗೆ ಕಳಿಸಿದ್ದರೋ ಅದೇ ಗೇಟಿನಲ್ಲಿ ನಮ್ಮ ಮಕ್ಕಳು ಲೇಜಿಮ್ ಹೊಡೆಯುತ್ತ ಸಾಹೇಬರ ಮುಂದೆ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕಿದರು. ಫರೀನ್ ಮುಂದಿನ ಸಾಲಿನಲ್ಲಿದ್ದಳು. ನೋಡಲು ಬಂದ ತಾಯಂದಿರು ಪೆಂಡಾಲಿನ ಹೊರಗೆ ಬಿಸಿಲಿನಲ್ಲಿ ನಿಂತಿದ್ದರು. ಅವ್ವನೂ ಯಶೋಧಾಳ ಭುಜ ಹಿಡಿದುಕೊಂಡು ಬಂದಿದ್ದಳು. ಒಳಗೆ, ಕುರ್ಚಿಗಳ ಮೊದಲ ಸಾಲಿನಲ್ಲಿ, ಟೈ ಕಟ್ಟಿದ ಮಕ್ಕಳ ನಡುವೆ ಶೀತಲ.

ನಿಜಗುಣಪ್ಪ ಮಾಸ್ತರರು ಶಾಲೆಯ ಚರಿತ್ರೆ ಓದಿದರು. ಆರಂಭದಿಂದಲೂ ಈ ಶಾಲೆ ಜಾತಿಭೇದವಿಲ್ಲದೆ ಎಲ್ಲರನ್ನೂ ಒಂದೇ ಗಡಿಗೆಯ ನೀರಿನಿಂದ ಬೆಳೆಸಿತು ಎಂದು ಓದಿದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ತಿರುಗಿ ಅವ್ವನನ್ನು ನೋಡಿದೆ. ಅವಳು ಕಿವಿಯ ಹಿಂದೆ ಕೈ ಇಟ್ಟುಕೊಂಡು ಕೇಳುತ್ತಿದ್ದಳು, ಇನ್ನೂ ಮುಂದೆ ಬರುತ್ತದೇನೋ ಎನ್ನುವ ಹಾಗೆ.

ಕೊನೆಗೆ ನನ್ನನ್ನು ಕರೆದರು. ಜನ ಆಗಲೇ ಏಳತೊಡಗಿದ್ದರು. ಅನ್ನಪೂರ್ಣಾ ಅಕ್ಕಾರು ಒಂದು ಚೀಟಿ ಕೈಗಿಟ್ಟು, "ಇಷ್ಟ ಓದಿ ಇಳೀರಿ," ಎಂದರು.

ಮೈಕಿನ ಮುಂದೆ ನಿಂತು ಓದಿದೆ. "ಪಾಲಕರ ಇಚ್ಛೆಯ ಮೇರೆಗೆ, ಸರ್ವಾನುಮತದಿಂದ, ಈ ಪುನಾರಚನೆಗೆ ಸಹಕರಿಸಿದ..."

ಅಲ್ಲಿಗೆ ನಿಂತೆ. ಯಾಕೆ ನಿಂತೆ ಎಂದು ಆಮೇಲೆ ಬಹಳ ಜನ ಕೇಳಿದರು. ಧೈರ್ಯ ಎಂದು ಯಾರೋ ಅಂದರು. ಅಲ್ಲ. ಪೆಂಡಾಲಿನ ಅಂಚಿನಲ್ಲಿ ಫರೀನ್ ನಿಂತಿದ್ದಳು, ಬೆವರಿನಲ್ಲಿ ತೊಯ್ದು, ನನ್ನ ಬಾಯಿಯನ್ನೇ ನೋಡುತ್ತ. ನಾನು ಸುಳ್ಳು ಓದುವುದನ್ನು ಅವಳು ಎರಡನೆಯ ಸಲ ಕೇಳುತ್ತಿದ್ದಳು.

"ಇದು ಸುಳ್ಳರಿ," ಎಂದೆ. ನನ್ನ ದನಿ ಸ್ಪೀಕರಿನಲ್ಲಿ ಬಂದು ನನಗೇ ಬಡಿಯಿತು. "ಪಾಲಕರ್ನ ಯಾರೂ ಕೇಳಿಲ್ಲ. ಅರವತ್ತಮೂರ ಹುಡುಗೂರ ಅವ್ವ ಅಪ್ಪನ್ನ ಯಾರೂ ಕೇಳಿಲ್ಲ. ಸಭಾ ಆಗೇ ಇಲ್ಲ. ಸಹಿ ನಂದ. ನಾ ಹೆಬ್ಬಟ್ಟ ಅಲ್ಲರಿ, ಓದಾಕ ಬರತೈತಿ. ಓದೇ ಸಹಿ ಹಾಕೇನಿ. ನನ್ನ ಮಗಳಿಗೆ ಇಲ್ಲೆ ಜಾಗಾ ಕೊಡ್ತೇವಿ ಅಂದ್ರು, ಅದಕ್ಕ ಹಾಕೇನಿ. ನನ್ನೊಬ್ಬಾಕಿ ಮಗಳ ಸಲುವಾಗಿ ನಿಮ್ಮೆಲ್ಲಾರ ಮಕ್ಕಳ್ನ..."

ಮೈಕು ಬಂದ್ ಆಯಿತು.

"ಇಳೀಲೇ ಹಡಸೂಮಗನ!" ಸಾವಕಾರರು ನನ್ನ ಅಂಗಿ ಹಿಡಿದು ಎಳೆದರು. "ನಿಮ್ಮಂಥಾವ್ರನ್ನ ಮ್ಯಾಲೆ ಹತ್ತಿಸಿದ್ದ ನಮ್ಮ ತಪ್ಪ. ನಾಳೆ ಮಾರ್ಕೆಟ್ಟಿಗೆ ಬಾ, ನಿನ್ನ ಕಾಲ ಮುರೀತೇನಿ."

"ಯಾರು ಇವನು? ಕುಡಿದಿದ್ದಾನಾ?" ಎಂದು ಬೆಳಗಾವಿಯ ಸಾಹೇಬರು ಕೇಳಿದರು.

"ಹೌದ್ರಿ ಸರ್. ಕುಡದಾನ," ಎಂದರು ಅಕ್ಕಾರು. ಮೆತ್ತಗೇ ಅಂದರು.

"ಕುಡದಿಲ್ಲರಿ!" ಮೈಕಿಲ್ಲದೆ ಕೂಗಿದೆ. "ಅಂದೂ ಕುಡದಿರಲಿಲ್ಲ, ಇಂದೂ ಕುಡದಿಲ್ಲ. ಯಾರಿಗೆ ಬೇಕ ಅವರ ಬಂದ ನನ್ನ ಮಾರಿ ಮ್ಯಾಲೆ ಉಗುಳ್ರಿ. ಆದರ ಆ ಠರಾವು ಖೊಟ್ಟಿ."

ಯಾರೂ ಬಂದು ಉಗುಳಲಿಲ್ಲ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಶೀತಲ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಅವಳ ಎಡಕ್ಕೂ ಬಲಕ್ಕೂ ಕುರ್ಚಿಗಳು ಸರಿದು ಜಾಗವಾಗಿತ್ತು.

ಬಿಸಿಲಿನಲ್ಲಿದ್ದ ಹೆಂಗಸರಲ್ಲಿ ಅನ್ವರಬಿ ಮೊದಲು ಕದಲಿದಳು. ಫರೀನಳ ಕೈಯಿಂದ ಲೇಜಿಮ್ ತೆಗೆದು ನೆಲಕ್ಕೆ ಹಾಕಿದಳು. ಅವಳ ಕೈ ಹಿಡಿದು, ವೇದಿಕೆಯ ಕಡೆ ನೋಡದೆ, ಕಲ್ಲು ಮೆಟ್ಟಿಲು ಹತ್ತಿ ಆರನೆಯ ಇಯತ್ತೆಯ ಖೋಲಿಗೆ ಹೋದಳು. ಹೊಸ ಬೆಂಚಿನ ಮೇಲೆ ಮೊಮ್ಮಗಳನ್ನು ಕೂಡಿಸಿದಳು. ಆಮೇಲೆ ಇನ್ನೊಬ್ಬಳು ಹೋದಳು. ಆಮೇಲೆ ಎಲ್ಲರೂ. ಲೇಜಿಮ್‌ಗಳು ಅಂಗಳದಲ್ಲಿ ಒಂದೊಂದಾಗಿ ಬಿದ್ದವು. ಅವ್ವ ಯಶೋಧಾಳನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ವೇದಿಕೆಯಿಂದ ಇಳಿದು ನಿಂತಿದ್ದ ನನ್ನ ಪಕ್ಕದಿಂದಲೇ ಹೋದಳು, ಸೆರಗು ತಾಕಿತು.

"ಎಬ್ಬಸ್ರಿ ಅವ್ರನ್ನ! ಪೊಲೀಸರಿಗೆ ಫೋನ್ ಹಚ್ರಿ!" ಎಂದು ಸಾವಕಾರರು ಕೂಗುತ್ತಿದ್ದರು.

ನಾನೂ ಮೆಟ್ಟಿಲು ಹತ್ತಿದೆ. ಖೋಲಿಯ ತುಂಬ ಮಕ್ಕಳು, ಒಂದೊಂದು ಬೆಂಚಿಗೆ ಐದಾರು ಜನ. ಗೋಡೆಗೆ ಆನಿಕೊಂಡು ಹೆಂಗಸರು. ಹೊಸ್ತಿಲಲ್ಲಿ ಒಂದು ಕಾಲು ಇಟ್ಟಿದ್ದೆ. ಅನ್ವರಬಿ ಬಂದು ಎದುರು ನಿಂತಳು.

"ನೀ ಬರಬ್ಯಾಡ," ಎಂದಳು.

"ಚಾಚಿ, ನಾ ಎಲ್ಲಾ ಹೇಳಿದ್ನೆಲ್ಲ..."

"ಹೇಳಿದಿ. ಕೇಳಿದ್ವಿ. ಒಳಗ ಬರಬ್ಯಾಡ."

ಕಾಲು ಹಿಂದೆ ತೆಗೆದೆ. ಅವಳು ಬಾಗಿಲು ಮುಚ್ಚಿದಳು. ಒಳಗಿನಿಂದ ಚಿಲಕ ಬಿತ್ತು.

ಜೀಪು ಬರಲು ಹತ್ತು ನಿಮಿಷವೂ ಬೇಕಾಗಲಿಲ್ಲ, ಸಾಹೇಬರ ಬಂದೋಬಸ್ತಿಗೆಂದು ಅಗಸಿಯ ಹತ್ತಿರವೇ ನಿಂತಿತ್ತು. ಫೌಜದಾರ ಇಬ್ಬರು ಪೇದೆಗಳನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಂದ. ಹಿಂದೆ ಸಾವಕಾರರು, ಅವರ ಹಿಂದೆ ಅಕ್ಕಾರು. ಬೆನ್ನನ್ನು ಬಾಗಿಲಿಗೆ ಒತ್ತಿ, ಎರಡೂ ಕೈಯಿಂದ ಚೌಕಟ್ಟು ಹಿಡಿದುಕೊಂಡೆ.

"ಯಾವನಲೇ ನೀ? ಒಳಗ ಇದ್ದಾವ್ರು ನಿಮ್ಮ ಮಂದಿಯೇನು?"

ಹೌದು ಎನ್ನಲು ಬಾಯಿ ಬರಲಿಲ್ಲ.

"ಸರಿ ಆಕಡೆ," ಎಂದ ಫೌಜದಾರ.

ಸರಿಯಲಿಲ್ಲ. ಮೊದಲ ಏಟು ಮೊಣಕಾಲಿಗೆ ಬಿತ್ತು.